ಸುನೀಲ್ ಚೆಟ್ರಿ

ಸುನೀಲ್ ಚೆಟ್ರಿ (ಜನನ: 3 ಆಗಸ್ಟ್ 1984, ಸಿಕಂದರಾಬಾದ್) ಭಾರತದ ರಾಷ್ಟ್ರೀಯ ಫುಟ್‌ಬಾಲ್ ತಂಡದ ಪರ ಅತಿ ಹೆಚ್ಚು ಪಂದ್ಯಗಳನ್ನಾಡಿದ ಹಾಗೂ ಅತಿ ಹೆಚ್ಚು ಗೋಲು ಹೊಡೆದ ಸ್ಟ್ರೈಕರ್, ರಾಷ್ಟ್ರೀಯ ತಂಡದ ಮಾಜಿ ನಾಯಕ. 2013ರಿಂದ ಇವರ ವೃತ್ತಿಜೀವನದ ಮುಖ್ಯ ನೆಲೆ ಬೆಂಗಳೂರು ಫುಟ್‌ಬಾಲ್ ಕ್ಲಬ್. 2005ರ ಜೂನ್‌ನಿಂದ 2025ರ ಅಕ್ಟೋಬರ್‌ವರೆಗೆ 157 ಅಂತರರಾಷ್ಟ್ರೀಯ ಪಂದ್ಯಗಳಲ್ಲಿ 95 ಗೋಲು ಗಳಿಸಿದ್ದಾರೆ. ಗೋಲು ಸಂಖ್ಯೆಯಲ್ಲಿ ಇವರಿಗಿಂತ ಮುಂದಿರುವವರು ಮೂವರೇ: ಪೋರ್ಚುಗಲ್‌ನ ಕ್ರಿಸ್ಟಿಯಾನೊ ರೊನಾಲ್ಡೊ, ಅರ್ಜೆಂಟೀನಾದ ಲಯೊನೆಲ್ ಮೆಸ್ಸಿ ಮತ್ತು ಇರಾನ್‌ನ ಅಲಿ ದಾಯಿ.

ಹೆಸರು ಮತ್ತು ಪರಿಭಾಷೆ

ನೇಪಾಳಿ ಭಾಷಿಕರ ಕುಲನಾಮವಾದ 'ಚೆಟ್ರಿ' ಸಂಸ್ಕೃತದ 'ಕ್ಷತ್ರಿಯ'ದ ತದ್ಭವ. ಕನ್ನಡ ಪತ್ರಿಕೆಗಳಲ್ಲಿ ಚೆಟ್ರಿ, ಛೆಟ್ರಿ ಎಂಬ ಎರಡೂ ರೂಪಗಳಿವೆ. ಇಲ್ಲಿ ಮೊದಲನೆಯದನ್ನು ಬಳಸಲಾಗಿದೆ. ಎದುರಾಳಿಯ ಗೋಲಿನತ್ತ ಆಡುವ ಮುಂಚೂಣಿಯ ಆಟಗಾರರೆಲ್ಲ ಫಾರ್ವರ್ಡ್‌ಗಳು. ಅವರಲ್ಲಿ ಗೋಲು ಹೊಡೆಯುವುದೇ ಮುಖ್ಯ ಹೊಣೆಯಾಗಿರುವವನು ಸ್ಟ್ರೈಕರ್, ಅಂಚಿನ ಗೆರೆಯುದ್ದಕ್ಕೂ ಓಡಿ ಚೆಂಡನ್ನು ಒಳಕ್ಕೆ ಕಳಿಸುವವನು ವಿಂಗರ್. ಚೆಟ್ರಿ ರಾಷ್ಟ್ರೀಯ ತಂಡದಲ್ಲಿ ಸ್ಟ್ರೈಕರ್ ಆಗಿಯೂ ಕ್ಲಬ್‌ನಲ್ಲಿ ಹಲವು ಋತುಗಳಲ್ಲಿ ಎಡಬದಿಯ ವಿಂಗರ್ ಆಗಿಯೂ ಆಡಿದವರು. 'ಅಂತರರಾಷ್ಟ್ರೀಯ ಗೋಲು' ಎಂದರೆ ಹಿರಿಯರ ರಾಷ್ಟ್ರೀಯ ತಂಡದ ಪರ ಮಾನ್ಯ ಪಂದ್ಯದಲ್ಲಿ ಬಂದ ಗೋಲು ಮಾತ್ರ. ವಯೋಮಿತಿಯ ತಂಡಗಳ ಗೋಲುಗಳು ಈ ಲೆಕ್ಕಕ್ಕೆ ಸೇರುವುದಿಲ್ಲ. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಬಾಂಗ್ಲಾದೇಶದ ವಿರುದ್ಧ ಚೆಟ್ರಿ ಹೊಡೆದ ಗೆಲುವಿನ ಪೆನಾಲ್ಟಿ 95ರಲ್ಲಿ ಇಲ್ಲದಿರುವುದು ಇದೇ ಕಾರಣಕ್ಕೆ.

ಹುಟ್ಟು ಮತ್ತು ಆರಂಭ

ತಂದೆ ಕೆ. ಬಿ. ಚೆಟ್ರಿ ಭಾರತೀಯ ಸೇನೆಯ ಇಎಂಇ (ವಿದ್ಯುತ್ ಮತ್ತು ಯಾಂತ್ರಿಕ ಎಂಜಿನಿಯರಿಂಗ್) ದಳದಲ್ಲಿದ್ದರು. ಆ ದಳದ ತರಬೇತಿ ಕೇಂದ್ರವಿರುವ ಸಿಕಂದರಾಬಾದಿನಲ್ಲಿ ಮಗನ ಜನನವಾಯಿತು. ತಾಯಿ ಸುಶೀಲಾ ಮತ್ತು ಅವರ ಅವಳಿ ಸೋದರಿ ನೇಪಾಳದ ಮಹಿಳಾ ಫುಟ್‌ಬಾಲ್ ತಂಡದಲ್ಲಿ ಆಡಿದವರು. ತಂದೆಯ ವರ್ಗಾವಣೆಯ ಜೊತೆಗೆ ಶಾಲೆಯೂ ಬದಲಾಗುತ್ತ ಹೋಯಿತು: ಗ್ಯಾಂಗ್ಟಕ್, ಡಾರ್ಜಿಲಿಂಗ್, ಕೋಲ್ಕತ್ತ, ಕೊನೆಗೆ ದೆಹಲಿ. 2001ರಲ್ಲಿ ದೆಹಲಿಯ ಸಿಟಿ ಕ್ಲಬ್ ಸೇರಿದರು. ಮರುವರ್ಷವೇ ಕೋಲ್ಕತ್ತದ ಮೋಹನ್ ಬಗಾನ್ ಇವರೊಂದಿಗೆ ಒಪ್ಪಂದ ಮಾಡಿಕೊಂಡಿತು. ಆಗ ವಯಸ್ಸು 17.

ಕ್ಲಬ್ ಜೀವನ: 2002–2013

ಮೊದಲ ಹನ್ನೊಂದು ವರ್ಷ ಚೆಟ್ರಿ ಎಲ್ಲಿಯೂ ಬಹುಕಾಲ ನಿಲ್ಲಲಿಲ್ಲ. ಮೋಹನ್ ಬಗಾನ್‌ನಲ್ಲಿ ಮೂರು ಋತು (2002–05), ಪಂಜಾಬಿನ ಫಗವಾಡದ ಜೆಸಿಟಿಯಲ್ಲಿ ಮೂರು ಋತು (2005–08), ಈಸ್ಟ್ ಬೆಂಗಾಲ್ (2008–09), ಗೋವಾದ ಡೆಂಪೋ (2009–10), ಕೋಲ್ಕತ್ತದ ಚಿರಾಗ್ ಯುನೈಟೆಡ್ (2011), ಮತ್ತೆ ಮೋಹನ್ ಬಗಾನ್ (2011–12). ಈ ಪಟ್ಟಿಯಲ್ಲಿ ಆಟಗಾರನನ್ನು ರೂಪಿಸಿದ್ದು ಜೆಸಿಟಿ. ಜವಳಿ ಗಿರಣಿಯೊಂದು ನಡೆಸುತ್ತಿದ್ದ ಆ ತಂಡ 2006–07ರ ರಾಷ್ಟ್ರೀಯ ಫುಟ್‌ಬಾಲ್ ಲೀಗ್‌ನಲ್ಲಿ ಎರಡನೆಯ ಸ್ಥಾನ ಪಡೆಯಿತು, 2007ರಲ್ಲಿ ಚೆಟ್ರಿ ಮೊದಲ ಬಾರಿಗೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್‌ನ (ಎಐಎಫ್ಎಫ್) ವರ್ಷದ ಆಟಗಾರನಾದರು. ಜೆಸಿಟಿ 2011ರಲ್ಲಿ ತಂಡವನ್ನೇ ಮುಚ್ಚಿತು.

ವಿದೇಶದ ಪ್ರಯತ್ನಗಳು ಮೂರು. 2009ರಲ್ಲಿ ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಒಪ್ಪಂದಕ್ಕೆ ಮುಂದಾಯಿತು. ಆದರೆ ಭಾರತ ಫಿಫಾ ಶ್ರೇಯಾಂಕದ ಮೊದಲ 70ರೊಳಗೆ ಇರಲಿಲ್ಲವೆಂದು ಬ್ರಿಟನ್ ಕೆಲಸದ ಪರವಾನಗಿ ಕೊಡಲಿಲ್ಲ. 2010ರ ಮಾರ್ಚ್‌ನಲ್ಲಿ ಅಮೆರಿಕದ ಕನ್ಸಾಸ್ ಸಿಟಿ ವಿಜರ್ಡ್ಸ್ ಸೇರಿದರು. ಅಲ್ಲಿ ಯುಎಸ್ ಓಪನ್ ಕಪ್‌ನಲ್ಲಿ ಆಡಿದರೂ ಮುಖ್ಯ ಲೀಗ್‌ನಲ್ಲಿ ಅಂಗಣಕ್ಕಿಳಿಯುವ ಅವಕಾಶ ಸಿಗಲಿಲ್ಲ. 2012ರಲ್ಲಿ ಪೋರ್ಚುಗಲ್‌ನ ಸ್ಪೋರ್ಟಿಂಗ್ ಕ್ಲಬ್‌ನ 'ಬಿ' ತಂಡ ಸೇರಿ ಎರಡನೆಯ ದರ್ಜೆಯ ಲೀಗ್‌ನಲ್ಲಿ 3 ಪಂದ್ಯ ಆಡಿದರು. 2013ರ ಆರಂಭದಲ್ಲಿ ಎರವಲಿನ ಮೇಲೆ ಗೋವಾದ ಚರ್ಚಿಲ್ ಬ್ರದರ್ಸ್‌ಗೆ ಬಂದರು, ಆ ಋತುವಿನ ಐ-ಲೀಗ್ (ರಾಷ್ಟ್ರೀಯ ಲೀಗಿನ ಮುಂದಿನ ರೂಪ) ಪ್ರಶಸ್ತಿ ಆ ತಂಡಕ್ಕೆ ಸಂದಿತು. ವಿದೇಶದ ಮೂರೂ ಪ್ರಯತ್ನಗಳಲ್ಲಿ ಲೀಗ್ ಗೋಲು ಒಂದೂ ಇಲ್ಲ. ವೃತ್ತಿಜೀವನದ ಈ ಭಾಗವನ್ನು ವಿಫಲ ಎನ್ನದೆ ವಿಧಿಯಿಲ್ಲ.

ಬೆಂಗಳೂರು ಎಫ್‌ಸಿ

ಜೆಎಸ್‌ಡಬ್ಲ್ಯು ಸಮೂಹ 2013ರ ಜುಲೈನಲ್ಲಿ ಕಟ್ಟಿದ ಬೆಂಗಳೂರು ಎಫ್‌ಸಿ, ಐ-ಲೀಗ್‌ಗೆ ನೇರ ಪ್ರವೇಶ ಪಡೆದ ಹೊಸ ತಂಡ. ಹಳೆಯ ಅಭಿಮಾನಿಗಳಾಗಲಿ ಇತಿಹಾಸವಾಗಲಿ ಅದಕ್ಕಿರಲಿಲ್ಲ. ಇಂಗ್ಲೆಂಡಿನ ಆ್ಯಶ್ಲಿ ವೆಸ್ಟ್‌ವುಡ್ ತರಬೇತುದಾರ, ಚೆಟ್ರಿ ನಾಯಕ. ಮೊದಲ ಋತುವಿನ ಪಂದ್ಯಗಳು ಅಶೋಕನಗರದ ಹಳೆಯ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದಲ್ಲಿ ನಡೆದವು. ಅದರ ಪಶ್ಚಿಮದ ಗ್ಯಾಲರಿಯಲ್ಲಿ ನಿಂತು ಹಾಡುತ್ತಿದ್ದ ಅಭಿಮಾನಿಗಳ ಗುಂಪಿಗೆ 'ವೆಸ್ಟ್ ಬ್ಲಾಕ್ ಬ್ಲೂಸ್' ಎಂಬ ಹೆಸರು ಬಂತು. ತಂಡ ಕಂಠೀರವ ಕ್ರೀಡಾಂಗಣಕ್ಕೆ ಹೋದ ಮೇಲೂ ಹೆಸರು ಉಳಿಯಿತು. 2014ರ ಏಪ್ರಿಲ್‌ನಲ್ಲಿ ಗೋವಾದಲ್ಲಿ ಡೆಂಪೋ ತಂಡವನ್ನು 4–2ರಿಂದ ಸೋಲಿಸಿ, ಸ್ಪರ್ಧಿಸಿದ ಮೊದಲ ಋತುವಿನಲ್ಲೇ ಬೆಂಗಳೂರು ಐ-ಲೀಗ್ ಗೆದ್ದಿತು. 14 ಗೋಲುಗಳೊಂದಿಗೆ ಚೆಟ್ರಿ ಆ ಋತುವಿನ ಭಾರತೀಯ ಆಟಗಾರರಲ್ಲಿ ಮೊದಲಿಗರು.

ಎರಡನೆಯ ಋತುವಿನ ಕೊನೆಯ ಪಂದ್ಯ (31 ಮೇ 2015, ಕಂಠೀರವ) ಭಾರತೀಯ ಲೀಗ್ ಇತಿಹಾಸದಲ್ಲಿ ಪ್ರಸಿದ್ಧ. ಎದುರಾಳಿ ಮೋಹನ್ ಬಗಾನ್. ಬೆಂಗಳೂರಿಗೆ ಗೆಲುವು ಬೇಕು, ಬಗಾನ್‌ಗೆ ಡ್ರಾ ಸಾಕು. ಒಂದು ಗೋಲಿನ ಮುನ್ನಡೆಯಲ್ಲಿದ್ದ ಬೆಂಗಳೂರಿನ ವಿರುದ್ಧ 87ನೇ ನಿಮಿಷದಲ್ಲಿ ಬೆಲ್ಲೊ ರಜಾಕ್ ತಲೆಯಿಂದ ಚೆಂಡನ್ನು ಗೋಲಿಗೆ ಸೇರಿಸಿದರು. ಪ್ರಶಸ್ತಿ ಕೋಲ್ಕತ್ತಕ್ಕೆ ಹೋಯಿತು. 2015–16ರಲ್ಲಿ ಬೆಂಗಳೂರು ಅದನ್ನು ಮರಳಿ ಪಡೆಯಿತು. 2014–15 ಮತ್ತು 2016–17ರ ಫೆಡರೇಶನ್ ಕಪ್‌ಗಳೂ ಕ್ಲಬ್‌ನ ಪಾಲಾದವು.

ಕ್ಲಬ್ ಮಟ್ಟದಲ್ಲಿ ಚೆಟ್ರಿಯ ಅತ್ಯುತ್ತಮ ಘಟ್ಟ ಏಷ್ಯಾದ ಕ್ಲಬ್‌ಗಳ ಟೂರ್ನಿಯಾದ 2016ರ ಎಎಫ್‌ಸಿ ಕಪ್. ಸೆಮಿಫೈನಲ್‌ನಲ್ಲಿ ಹಿಂದಿನ ಸಾಲಿನ ಚಾಂಪಿಯನ್ ಆಗಿದ್ದ ಮಲೇಷ್ಯಾದ ಜೊಹೊರ್ ದಾರುಲ್ ತಾಝಿಮ್ ಎದುರಾಗಿತ್ತು. ಅಲ್ಲಿ 1–1 ಸಮ ಮಾಡಿಕೊಂಡು ಬಂದ ಬೆಂಗಳೂರು, ಅಕ್ಟೋಬರ್ 19ರಂದು ಕಂಠೀರವದಲ್ಲಿ 3–1ರಿಂದ ಗೆದ್ದಿತು. ಎರಡು ಗೋಲು ಚೆಟ್ರಿಯವು. ಈ ಟೂರ್ನಿಯ ಫೈನಲ್ ತಲುಪಿದ ಮೊದಲ ಭಾರತೀಯ ತಂಡ ಇದು. ದೋಹಾದಲ್ಲಿ ನವೆಂಬರ್ 5ರಂದು ನಡೆದ ಫೈನಲ್‌ನಲ್ಲಿ ಇರಾಕಿನ ವಾಯುಪಡೆಯ ತಂಡ 1–0ರಿಂದ ಗೆದ್ದಿತು.

2015 ಮತ್ತು 2016ರಲ್ಲಿ ಚೆಟ್ರಿ ಎರವಲು ಆಟಗಾರನಾಗಿ ಮುಂಬೈ ಸಿಟಿ ಪರ ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್ಎಲ್) ಆಡಿದರು. 2015ರ ಹರಾಜಿನಲ್ಲಿ ಇವರ ಬೆಲೆ 1.2 ಕೋಟಿ ರೂಪಾಯಿ. ಅಲ್ಲಿ ಬೇರೆ ಯಾರಿಗೂ ಅಷ್ಟು ಬೆಲೆ ಬರಲಿಲ್ಲ. ಅದೇ ವರ್ಷ ನಾರ್ತ್‌ಈಸ್ಟ್ ಯುನೈಟೆಡ್ ವಿರುದ್ಧ ಐಎಸ್ಎಲ್‌ನಲ್ಲಿ ಹ್ಯಾಟ್ರಿಕ್ ಗಳಿಸಿದ ಮೊದಲ ಭಾರತೀಯನಾದರು. 2017ರಲ್ಲಿ ಬೆಂಗಳೂರು ಎಫ್‌ಸಿಯೇ ಐಎಸ್ಎಲ್‌ಗೆ ಬಂತು. 2018ರ ಮಾರ್ಚ್ 17ರಂದು ಕಂಠೀರವದ ಫೈನಲ್‌ನಲ್ಲಿ ಚೆಟ್ರಿ 9ನೇ ನಿಮಿಷದಲ್ಲೇ ಗೋಲು ಹೊಡೆದರೂ ಚೆನ್ನೈಯಿನ್ 3–2ರಿಂದ ಗೆದ್ದಿತು. ಸರಿಯಾಗಿ ಒಂದು ವರ್ಷದ ಬಳಿಕ, 2019ರ ಮಾರ್ಚ್ 17ರಂದು ಮುಂಬೈಯಲ್ಲಿ, ಹೆಚ್ಚುವರಿ ಅವಧಿಯಲ್ಲಿ ರಾಹುಲ್ ಭೆಕೆ ಹೊಡೆದ ಗೋಲಿನಿಂದ ಗೋವಾವನ್ನು ಮಣಿಸಿ ಬೆಂಗಳೂರು ಪ್ರಶಸ್ತಿ ಪಡೆಯಿತು. ನಡುವೆ 2018ರ ಸೂಪರ್ ಕಪ್ ಫೈನಲ್‌ನಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ 4–1 ಗೆಲುವು ದಕ್ಕಿತು. ಎರಡು ಗೋಲು ನಾಯಕನವು. 2022ರ ಡುರಾಂಡ್ ಕಪ್‌ನೊಂದಿಗೆ ದೇಶದ ಬಹುತೇಕ ಎಲ್ಲ ಪ್ರಮುಖ ಟ್ರೋಫಿಗಳೂ ಈ ಕ್ಲಬ್‌ಗೆ ಬಂದಂತಾಯಿತು.

2023ರ ಮಾರ್ಚ್ 3ರ ಐಎಸ್ಎಲ್ ನಾಕೌಟ್ ಪಂದ್ಯ ವಿವಾದದಿಂದಾಗಿ ನೆನಪಿನಲ್ಲಿದೆ. ಹೆಚ್ಚುವರಿ ಅವಧಿಯಲ್ಲಿ ಕೇರಳ ಬ್ಲಾಸ್ಟರ್ಸ್ ಆಟಗಾರರು ತಡೆಗೋಡೆ ಕಟ್ಟುವ ಮೊದಲೇ ಚೆಟ್ರಿ ಫ್ರೀ ಕಿಕ್ ತೆಗೆದು ಗೋಲು ಹೊಡೆದರು. ರೆಫರಿ ಗೋಲನ್ನು ಮಾನ್ಯ ಮಾಡಿದಾಗ ಬ್ಲಾಸ್ಟರ್ಸ್ ತಂಡ ಅಂಗಣ ಬಿಟ್ಟು ಹೊರನಡೆಯಿತು. ಫಲಿತಾಂಶ ಉಳಿಯಿತು, ಬ್ಲಾಸ್ಟರ್ಸ್‌ಗೆ 4 ಕೋಟಿ ರೂಪಾಯಿ ದಂಡ ಬಿತ್ತು. ಆ ಸಾಲಿನ ಫೈನಲ್‌ನಲ್ಲಿ ಬೆಂಗಳೂರು ಪೆನಾಲ್ಟಿ ಶೂಟೌಟ್‌ನಲ್ಲಿ ಎಟಿಕೆ ಮೋಹನ್ ಬಗಾನ್‌ಗೆ ಸೋತಿತು.

ನಲವತ್ತು ದಾಟಿದ ಮೇಲಿನ 2024–25ರ ಋತು ಅಸಾಮಾನ್ಯವಾದುದು. 14 ಗೋಲು ಹೊಡೆದು ಆ ಸಾಲಿನ ಭಾರತೀಯರಲ್ಲಿ ಚೆಟ್ರಿ ಮೊದಲ ಸ್ಥಾನ ಪಡೆದರು. ಬಾರ್ಥಲೋಮ್ಯು ಒಗ್ಬೆಚೆಯ 63 ಗೋಲುಗಳನ್ನು ದಾಟಿ ಐಎಸ್ಎಲ್‌ನ ಸಾರ್ವಕಾಲಿಕ ಗೋಲು ದಾಖಲೆಯನ್ನು ತಮ್ಮದಾಗಿಸಿಕೊಂಡರು. ಡಿಸೆಂಬರ್ 7ರಂದು ಕೇರಳ ಬ್ಲಾಸ್ಟರ್ಸ್ ವಿರುದ್ಧ ಹ್ಯಾಟ್ರಿಕ್ ಗಳಿಸಿ, ಈ ಸಾಧನೆ ಮಾಡಿದ ಲೀಗ್‌ನ ಅತಿ ಹಿರಿಯ ಆಟಗಾರನಾದರು. ಫೈನಲ್‌ನಲ್ಲಿ (12 ಏಪ್ರಿಲ್ 2025, ಕೋಲ್ಕತ್ತ) ಮೋಹನ್ ಬಗಾನ್ 2–1ರಿಂದ ಗೆದ್ದಿತು.

ರಾಷ್ಟ್ರೀಯ ತಂಡ

ಪಾಕಿಸ್ತಾನದ ಕ್ವೆಟ್ಟಾದಲ್ಲಿ 2005ರ ಜೂನ್ 12ರಂದು ಚೆಟ್ರಿ ಹಿರಿಯರ ತಂಡಕ್ಕೆ ಕಾಲಿಟ್ಟರು. ಪಂದ್ಯ 1–1ರಲ್ಲಿ ಮುಗಿಯಿತು, ಭಾರತದ ಗೋಲು ಇವರದೇ. ಬಾಬ್ ಹೌಟನ್ ತರಬೇತಿಯಲ್ಲಿ ಬೈಚುಂಗ್ ಭುಟಿಯಾ ಜೊತೆಗಾರನಾಗಿ 2007 ಮತ್ತು 2009ರ ನೆಹರೂ ಕಪ್ ಗೆದ್ದ ತಂಡದಲ್ಲಿದ್ದರು. ಎರಡೂ ಫೈನಲ್‌ಗಳ ಎದುರಾಳಿ ಸಿರಿಯಾ.

2008ರ ಎಎಫ್‌ಸಿ ಚಾಲೆಂಜ್ ಕಪ್ ಭಾರತದಲ್ಲೇ ನಡೆಯಿತು. ಹೈದರಾಬಾದಿನ ಸೆಮಿಫೈನಲ್‌ನಲ್ಲಿ ಮ್ಯಾನ್ಮಾರ್ ವಿರುದ್ಧದ ಏಕೈಕ ಗೋಲು ಚೆಟ್ರಿಯದು. ಆಗಸ್ಟ್ 13ರಂದು ದೆಹಲಿಯ ಅಂಬೇಡ್ಕರ್ ಕ್ರೀಡಾಂಗಣದ ಫೈನಲ್‌ನಲ್ಲಿ ತಜಿಕಿಸ್ತಾನದ ವಿರುದ್ಧ ಹ್ಯಾಟ್ರಿಕ್ ಬಂತು. ಭಾರತ 4–1ರಿಂದ ಗೆದ್ದಿತು. ಇದು ಒಂದು ಟ್ರೋಫಿಯಷ್ಟೇ ಆಗಿರಲಿಲ್ಲ. ಈ ಗೆಲುವಿನಿಂದ ಭಾರತಕ್ಕೆ 2011ರ ಏಷ್ಯನ್ ಕಪ್‌ನಲ್ಲಿ ಸ್ಥಾನ ಸಿಕ್ಕಿತು. 1984ರ ನಂತರ ಭಾರತ ಆ ಟೂರ್ನಿಯನ್ನು ಕಂಡಿರಲಿಲ್ಲ. ಕತಾರ್‌ನಲ್ಲಿ ನಡೆದ ಆ ಟೂರ್ನಿಯಲ್ಲಿ ಭಾರತ ಮೂರೂ ಪಂದ್ಯ ಸೋತಿತು, ಚೆಟ್ರಿ ಬಹರೇನ್ ಮತ್ತು ದಕ್ಷಿಣ ಕೊರಿಯಾ ವಿರುದ್ಧ ಒಂದೊಂದು ಗೋಲು ಗಳಿಸಿದರು.

ಭುಟಿಯಾ 2011ರಲ್ಲಿ ನಿವೃತ್ತರಾದ ಮೇಲೆ ತಂಡದ ಭಾರ ಚೆಟ್ರಿಯ ಹೆಗಲೇರಿತು. ದಕ್ಷಿಣ ಏಷ್ಯಾ ರಾಷ್ಟ್ರಗಳ ಸ್ಯಾಫ್ ಚಾಂಪಿಯನ್‌ಷಿಪ್‌ನ 2011ರ ಆವೃತ್ತಿಯಲ್ಲಿ 7 ಗೋಲು ಹೊಡೆದರು. 2012ರ ನೆಹರೂ ಕಪ್ ಫೈನಲ್‌ನಲ್ಲಿ ಕ್ಯಾಮರೂನ್ ತಂಡ ಎದುರಾಯಿತು. 2–2 ಸಮವಾದ ಪಂದ್ಯವನ್ನು ಭಾರತ ಶೂಟೌಟ್‌ನಲ್ಲಿ ಗೆದ್ದಿತು. 2015 ಮತ್ತು 2021ರ ಸ್ಯಾಫ್ ಪ್ರಶಸ್ತಿಗಳೂ ಬಂದವು. ಎರಡೂ ಫೈನಲ್‌ಗಳಲ್ಲಿ ಚೆಟ್ರಿಯ ಗೋಲು ಇದೆ.

2018ರ ಜೂನ್‌ನಲ್ಲಿ ಮುಂಬೈಯಲ್ಲಿ ನಡೆದ ಇಂಟರ್‌ಕಾಂಟಿನೆಂಟಲ್ ಕಪ್ ಆಟಕ್ಕಿಂತ ಒಂದು ವಿಡಿಯೊದಿಂದ ಹೆಸರಾಯಿತು. ಚೈನೀಸ್ ತೈಪೆ ವಿರುದ್ಧ ಚೆಟ್ರಿ ಹ್ಯಾಟ್ರಿಕ್ ಗಳಿಸಿ ತಂಡ 5–0ರಿಂದ ಗೆದ್ದ ಪಂದ್ಯಕ್ಕೆ ಬಂದಿದ್ದ ಪ್ರೇಕ್ಷಕರು 2,569. ಬೈಯಲಿಕ್ಕಾದರೂ ಸರಿ, ಮೈದಾನಕ್ಕೆ ಬನ್ನಿ ಎಂದು ಚೆಟ್ರಿ ಸಾಮಾಜಿಕ ಮಾಧ್ಯಮದಲ್ಲಿ ಕೇಳಿಕೊಂಡರು. ಎರಡು ದಿನಗಳ ನಂತರ ಕೀನ್ಯಾ ವಿರುದ್ಧದ ಪಂದ್ಯದ ಟಿಕೆಟ್‌ಗಳೆಲ್ಲ ಮಾರಾಟವಾದವು. ಅದು ಇವರ 100ನೇ ಅಂತರರಾಷ್ಟ್ರೀಯ ಪಂದ್ಯ. ಮಳೆಯಲ್ಲಿ ಎರಡು ಗೋಲು ಬಂದವು. ಜೂನ್ 10ರ ಫೈನಲ್‌ನಲ್ಲೂ ಕೀನ್ಯಾ ವಿರುದ್ಧದ ಎರಡು ಗೋಲು ಇವರವೇ. ಒಟ್ಟು 64 ಆಗಿ, ಆಗಿನ ಮೆಸ್ಸಿಯ ಲೆಕ್ಕಕ್ಕೆ ಸಮನಾಯಿತು. 2019ರ ಏಷ್ಯನ್ ಕಪ್‌ನ ಮೊದಲ ಪಂದ್ಯದಲ್ಲಿ ಅಬುಧಾಬಿಯಲ್ಲಿ ಥಾಯ್ಲೆಂಡ್ ವಿರುದ್ಧ 4–1 ಗೆಲುವು, ಎರಡು ಗೋಲು.

ಕನ್ನಡ ನಾಡಿನ ಪ್ರೇಕ್ಷಕರು ಚೆಟ್ರಿಯನ್ನು ರಾಷ್ಟ್ರೀಯ ಸಮವಸ್ತ್ರದಲ್ಲಿ ಹತ್ತಿರದಿಂದ ಕಂಡದ್ದು 2023ರ ಸ್ಯಾಫ್ ಟೂರ್ನಿಯಲ್ಲಿ. ಎಲ್ಲ ಪಂದ್ಯಗಳೂ ಕಂಠೀರವದಲ್ಲೇ ನಡೆದವು. ಜೂನ್ 21ರಂದು ಪಾಕಿಸ್ತಾನದ ವಿರುದ್ಧ ಹ್ಯಾಟ್ರಿಕ್ (4–0), ನಂತರ ನೇಪಾಳ ಮತ್ತು ಕುವೈತ್ ವಿರುದ್ಧ ಒಂದೊಂದು. ಸೆಮಿಫೈನಲ್‌ನಲ್ಲಿ ಲೆಬನಾನ್, ಜುಲೈ 4ರ ಫೈನಲ್‌ನಲ್ಲಿ ಕುವೈತ್, ಎರಡನ್ನೂ ಭಾರತ ಶೂಟೌಟ್‌ನಲ್ಲಿ ಗೆದ್ದಿತು. ಐದು ಗೋಲುಗಳ ಚೆಟ್ರಿ ಟೂರ್ನಿಯ ಅಗ್ರ ಗೋಲುಗಾರ. ಪಾಕಿಸ್ತಾನ ಪಂದ್ಯದ ಮೂರನೆಯ ಗೋಲಿನಿಂದ ಮಲೇಷ್ಯಾದ ಮೊಖ್ತಾರ್ ದಹಾರಿಯನ್ನು ಹಿಂದಿಕ್ಕಿ ಏಷ್ಯಾದವರಲ್ಲಿ ಅಲಿ ದಾಯಿಯ ನಂತರದ ಸ್ಥಾನಕ್ಕೇರಿದರು.

ಇದಾದ ಮೇಲೆ ಇಳಿಜಾರು. 2024ರ ಜನವರಿಯ ಏಷ್ಯನ್ ಕಪ್‌ನಲ್ಲಿ ಆಸ್ಟ್ರೇಲಿಯಾ, ಉಜ್ಬೇಕಿಸ್ತಾನ, ಸಿರಿಯಾ ವಿರುದ್ಧ ಭಾರತ ಸೋತಿತು, ತಂಡದಿಂದ ಒಂದು ಗೋಲೂ ಬರಲಿಲ್ಲ. ಮಾರ್ಚ್ 26ರಂದು ಗುವಾಹಟಿಯಲ್ಲಿ ತಮ್ಮ 150ನೇ ಪಂದ್ಯದಲ್ಲಿ ಚೆಟ್ರಿ ಪೆನಾಲ್ಟಿಯಿಂದ ಗೋಲು ಗಳಿಸಿದರೂ ಅಫ್ಘಾನಿಸ್ತಾನ 2–1ರಿಂದ ಗೆದ್ದಿತು. ಮೇ 16ರಂದು ನಿವೃತ್ತಿ ಘೋಷಿಸಿ, ಜೂನ್ 6ರಂದು ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಕುವೈತ್ ವಿರುದ್ಧ ಗೋಲಿಲ್ಲದ ಡ್ರಾದೊಂದಿಗೆ ವಿದಾಯ ಹೇಳಿದರು. ಆಗಿನ ಲೆಕ್ಕ 151 ಪಂದ್ಯ, 94 ಗೋಲು.

ಆಟದ ಸ್ವರೂಪ

ಎತ್ತರ 1.70 ಮೀಟರ್. ಸ್ಟ್ರೈಕರ್‌ಗೆ ಇದು ಕಡಿಮೆಯೇ. ಆದರೂ ಇವರ ಗೋಲುಗಳಲ್ಲಿ ಹೆಡರ್‌ಗಳ ಪಾಲು ದೊಡ್ಡದು. ಕಾರಣ ನೆಗೆತಕ್ಕಿಂತ ಸಮಯಪ್ರಜ್ಞೆ: ಕ್ರಾಸ್ ಬರುವ ಕ್ಷಣ ರಕ್ಷಕನ ಬೆನ್ನ ಹಿಂದಿನಿಂದ ಹೊರಟು ಅವನ ಮುಂದೆ ತಲುಪುವುದು. ಎಡಬದಿಯಿಂದ ಒಳಕ್ಕೆ ತಿರುಗಿ ಬಲಗಾಲಿನಿಂದ ದೂರದ ಕಂಬದತ್ತ ಹೊಡೆಯುವುದು ಎರಡನೆಯ ಬಗೆ; ಬೆಂಗಳೂರು ಎಫ್‌ಸಿಯಲ್ಲಿ ಇದು ಹೆಚ್ಚಾಗಿ ಕಂಡಿತು. ಮೂರನೆಯದು ಪೆನಾಲ್ಟಿ ಮತ್ತು ಫ್ರೀ ಕಿಕ್. ಅಂಗಿಯ ಸಂಖ್ಯೆ 11. ತೂಕ, ಆಹಾರ, ನಿದ್ದೆಯ ಶಿಸ್ತಿಗೆ ಹೆಸರಾದವರು, ಮಾಂಸಾಹಾರ ಬಿಟ್ಟವರು. ಚುರುಕು ಕಾಲಿನ ಡ್ರಿಬ್ಲಿಂಗ್ ಇವರ ಬಲವಲ್ಲ. ಭುಟಿಯಾ ಅವರ ಮೈಬಲವಾಗಲಿ ಹಿಂದಿನ ತಲೆಮಾರಿನ ಸ್ಟ್ರೈಕರ್ ಐ. ಎಂ. ವಿಜಯನ್ ಅವರ ಸೊಗಸಾಗಲಿ ಇವರಲ್ಲಿ ಇರಲಿಲ್ಲ. ಇಪ್ಪತ್ತು ವರ್ಷ ಒಂದೇ ಮಟ್ಟದಲ್ಲಿ ಆಡುವ ಶಕ್ತಿ ಇತ್ತು.

ಗೋಲು ಲೆಕ್ಕದ ಅರ್ಥ

95 ಎಂಬ ಸಂಖ್ಯೆಯನ್ನು ರೊನಾಲ್ಡೊ, ಮೆಸ್ಸಿಯರ ಸಂಖ್ಯೆಯ ಪಕ್ಕದಲ್ಲಿಡುವುದು ಪತ್ರಿಕೆಗಳ ರೂಢಿ. ಎದುರಾಳಿಗಳ ಮಟ್ಟ ಬೇರೆ, ಆದ್ದರಿಂದ ಹೋಲಿಕೆಗೆ ಮಿತಿಯಿದೆ. ಚೆಟ್ರಿಯ ಗೋಲುಗಳಲ್ಲಿ ಬಹುಪಾಲು ದಕ್ಷಿಣ ಏಷ್ಯಾ ಮತ್ತು ಏಷ್ಯಾದ ಮಧ್ಯಮ ಶ್ರೇಣಿಯ ತಂಡಗಳ ವಿರುದ್ಧ ಬಂದವು. ಭಾರತ ಇವರ ಕಾಲದಲ್ಲಿ ವಿಶ್ವಕಪ್‌ಗೆ ಅರ್ಹತೆ ಪಡೆಯಲಿಲ್ಲ. ನಾಲ್ಕು ಅಂತರರಾಷ್ಟ್ರೀಯ ಹ್ಯಾಟ್ರಿಕ್‌ಗಳ ಎದುರಾಳಿಗಳು ತಜಿಕಿಸ್ತಾನ (2008), ವಿಯೆಟ್ನಾಂ (2010), ಚೈನೀಸ್ ತೈಪೆ (2018), ಪಾಕಿಸ್ತಾನ (2023). ಇನ್ನೊಂದು ಬದಿಯಿಂದ ನೋಡಿದರೆ, ಮೆಸ್ಸಿಗೆ ಚೆಂಡು ಒದಗಿಸಿದಂಥ ಮಧ್ಯಮಪಂಕ್ತಿ ಚೆಟ್ರಿಗೆ ಒಮ್ಮೆಯೂ ಸಿಗಲಿಲ್ಲ. ಪಂದ್ಯಕ್ಕೆ ಸರಾಸರಿ 0.6 ಗೋಲು ಎಂಬುದು ಆ ಹಿನ್ನೆಲೆಯಲ್ಲಿ ದೊಡ್ಡ ಸಾಧನೆ.

ಕರ್ನಾಟಕದ ಫುಟ್‌ಬಾಲ್ ಪರಂಪರೆ ಮತ್ತು ಕಲಬುರಗಿ

ಚೆಟ್ರಿ ಬರುವ ಬಹಳ ಮೊದಲೇ ಬೆಂಗಳೂರು ಮುಂಚೂಣಿ ಆಟಗಾರರ ಊರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಸ್ವತಂತ್ರ ಭಾರತದ ಮೊದಲ ಅಂತರರಾಷ್ಟ್ರೀಯ ಗೋಲು ಹೊಡೆದವರು ಬೆಂಗಳೂರಿನ ಎಸ್. ರಾಮನ್. ಅದೇ ತಂಡದಲ್ಲಿದ್ದ ಅಹ್ಮದ್ ಖಾನ್ (1926–2017) 1952ರ ಹೆಲ್ಸಿಂಕಿಯಲ್ಲಿ ಯುಗೋಸ್ಲಾವಿಯಾ 10–1ರಿಂದ ಗೆದ್ದಾಗ ಭಾರತದ ಆ ಒಂದು ಗೋಲನ್ನು ಗಳಿಸಿದವರು. ಈಸ್ಟ್ ಬೆಂಗಾಲ್‌ನ 'ಪಂಚಪಾಂಡವರು' ಎಂಬ ಖ್ಯಾತಿಯ ಮುಂಚೂಣಿಯಲ್ಲಿ ಖಾನ್ ಜೊತೆ ಬೆಂಗಳೂರಿನವರೇ ಆದ ಧನರಾಜ್ ಇದ್ದರು. ಮುಂದೆ ಅರುಮೈನಾಯಗಂ, ಉಳಗನಾಥನ್, ಬಾಬು ಮಣಿ ಬಂದರು. ಇವರೆಲ್ಲ ಹೆಸರು ಮಾಡಲು ಕೋಲ್ಕತ್ತಕ್ಕೆ ಹೋಗಬೇಕಾಯಿತು. ಚೆಟ್ರಿಯ ದಾರಿ ತಿರುವುಮುರುವು: ಕೋಲ್ಕತ್ತದಿಂದ ಬೆಂಗಳೂರಿಗೆ. ಕರ್ನಾಟಕದ ರಾಜ್ಯ ತಂಡ 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ಗೆದ್ದಿತು. ಆ ತಂಡದಲ್ಲಿ ಚೆಟ್ರಿ ಇರಲಿಲ್ಲ.

ಕಲಬುರಗಿಯ ಫುಟ್‌ಬಾಲ್ ಭೂಗೋಳ ಬೇರೆ. 1956ರ ನವೆಂಬರ್ 1ರವರೆಗೆ ಗುಲ್ಬರ್ಗ (ಇಂದಿನ ಕಲಬುರಗಿ) ಜಿಲ್ಲೆ ಹೈದರಾಬಾದ್ ರಾಜ್ಯದ ಭಾಗ. ಚೆಟ್ರಿ ಹುಟ್ಟಿದ ಸಿಕಂದರಾಬಾದ್ ಅದೇ ರಾಜ್ಯದ ದಂಡುಪ್ರದೇಶ. 1950ರಿಂದ 1954ರವರೆಗೆ ಸತತ ಐದು ವರ್ಷ ರೋವರ್ಸ್ ಕಪ್ ಗೆದ್ದ ಹೈದರಾಬಾದ್ ಸಿಟಿ ಪೊಲೀಸ್ ತಂಡವನ್ನು ಗುಲ್ಬರ್ಗದವರು ತಮ್ಮ ರಾಜಧಾನಿಯ ತಂಡವೆಂದೇ ಕರೆಯಬಹುದಿತ್ತು. ಅದರ ಗುರು ಸೈಯದ್ ಅಬ್ದುಲ್ ರಹೀಂ ಭಾರತ ತಂಡಕ್ಕೂ ತರಬೇತುದಾರ. ರಾಜ್ಯಗಳ ಪುನರ್ವಿಂಗಡಣೆಯಾಗಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಸರಿಯಾಗಿ ಒಂದು ತಿಂಗಳಿಗೆ, 1956ರ ಡಿಸೆಂಬರ್ 1ರಂದು, ರಹೀಂ ಅವರ ತಂಡ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾವನ್ನು 4–2ರಿಂದ ಸೋಲಿಸಿ ಸೆಮಿಫೈನಲ್ ತಲುಪಿತು. ನೆವಿಲ್ ಡಿಸೋಜಾ ಆ ಪಂದ್ಯದಲ್ಲಿ ಹ್ಯಾಟ್ರಿಕ್ ಗಳಿಸಿದರು.

ದೂರದ ಲೆಕ್ಕ ಈಗಲೂ ಹಾಗೆಯೇ ಇದೆ. ಕಲಬುರಗಿಯಿಂದ ಕಂಠೀರವಕ್ಕೆ ಸುಮಾರು 600 ಕಿ.ಮೀ., ಹೈದರಾಬಾದಿಗೆ ಸುಮಾರು 220 ಕಿ.ಮೀ. ಕಲಬುರಗಿಗೆ ಹತ್ತಿರದ ಐಎಸ್ಎಲ್ ಅಂಗಣ ಹೈದರಾಬಾದಿನ ಗಚ್ಚಿಬೌಲಿಯದೇ ಆಗಿತ್ತು. 2019ರ ನವೆಂಬರ್‌ನಲ್ಲಿ ಅಲ್ಲಿ ಬೆಂಗಳೂರು ಮತ್ತು ಹೈದರಾಬಾದ್ ತಂಡಗಳ ಪಂದ್ಯ 1–1ರಲ್ಲಿ ಮುಗಿಯಿತು. ಬೆಂಗಳೂರಿನ ಗೋಲು ಚೆಟ್ರಿಯದು. 2025ರಲ್ಲಿ ಹೈದರಾಬಾದ್ ಎಫ್‌ಸಿ ದೆಹಲಿಗೆ ಸ್ಥಳಾಂತರಗೊಂಡ ಮೇಲೆ ಆ ಅವಕಾಶವೂ ಇಲ್ಲವಾಯಿತು. ಕಲ್ಯಾಣ ಕರ್ನಾಟಕದೊಳಗೆ ಬೆಂಗಳೂರು ಎಫ್‌ಸಿಯ ನೇರ ನೆಲೆ ಬಳ್ಳಾರಿ ಬಳಿಯ ತೋರಣಗಲ್ಲು. ಅಲ್ಲಿನ ಜೆಎಸ್‌ಡಬ್ಲ್ಯು ಉಕ್ಕಿನ ಕಾರ್ಖಾನೆಯ ವಿಜಯನಗರ ಆವರಣದ ಕ್ರೀಡಾ ಸಂಸ್ಥೆಯಲ್ಲಿ ತಂಡದ ಋತುಪೂರ್ವ ಶಿಬಿರಗಳು ನಡೆದಿವೆ. ಹೆಸರಿನ ವಿಷಯದಲ್ಲಿ ಮಾತ್ರ ಕ್ಲಬ್ ಸರ್ಕಾರಕ್ಕಿಂತ ಮುಂದಿತ್ತು: ಇಂಗ್ಲಿಷಿನಲ್ಲೂ 'ಬೆಂಗಳೂರು' ಎಂದು ಅದು 2013ರಲ್ಲೇ ಬರೆದುಕೊಂಡಿತು. ಬ್ಯಾಂಗಲೋರ್ ಬೆಂಗಳೂರಾಗಿ, ಗುಲ್ಬರ್ಗ ಕಲಬುರಗಿಯಾಗಿ ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ರಂದು.

ಪ್ರಶಸ್ತಿ, ಗೌರವ

ಅರ್ಜುನ ಪ್ರಶಸ್ತಿ (2011), ಪದ್ಮಶ್ರೀ (2019), ಖೇಲ್ ರತ್ನ (2021). ಖೇಲ್ ರತ್ನ ಪಡೆದ ಮೊದಲ ಫುಟ್‌ಬಾಲ್ ಆಟಗಾರ ಇವರೇ. ಎಐಎಫ್ಎಫ್ ವರ್ಷದ ಆಟಗಾರ ಪ್ರಶಸ್ತಿ ಏಳು ಬಾರಿ ಸಂದಿದೆ. 2022ರಲ್ಲಿ ಫಿಫಾ ಇವರ ಬಗ್ಗೆ ಮೂರು ಕಂತುಗಳ ಸಾಕ್ಷ್ಯಚಿತ್ರ ಬಿಡುಗಡೆ ಮಾಡಿತು. ಪತ್ನಿ ಸೋನಂ, ಮೋಹನ್ ಬಗಾನ್‌ನ ಹಿಂದಿನ ತಾರೆ ಸುಬ್ರತ ಭಟ್ಟಾಚಾರ್ಯರ ಮಗಳು, ವಿವಾಹ 2017ರಲ್ಲಿ.

ಸದ್ಯದ ಸ್ಥಿತಿ

ರಾಷ್ಟ್ರೀಯ ತಂಡದಲ್ಲಿ ಚೆಟ್ರಿ ತೆರವು ಮಾಡಿದ ಜಾಗಕ್ಕೆ ಬೇರೊಬ್ಬ ಸ್ಟ್ರೈಕರ್ ಸಿಗಲಿಲ್ಲ. ಐಎಸ್ಎಲ್ ತಂಡಗಳು ಆ ಸ್ಥಾನಕ್ಕೆ ಬಹುತೇಕ ವಿದೇಶಿಯರನ್ನೇ ನಂಬಿರುವುದು ಇದರ ಮುಖ್ಯ ಕಾರಣ. ತರಬೇತುದಾರ ಮನೋಲೊ ಮಾರ್ಕ್ವೆಝ್ ಕೋರಿಕೆಯಂತೆ 2025ರ ಮಾರ್ಚ್‌ನಲ್ಲಿ ಚೆಟ್ರಿ ನಿವೃತ್ತಿಯಿಂದ ಮರಳಿದರು. ಮಾರ್ಚ್ 19ರಂದು ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ವಿರುದ್ಧ 3–0 ಗೆಲುವಿನಲ್ಲಿ ಹೆಡರ್‌ನಿಂದ 95ನೇ ಗೋಲು ಹೊಡೆದರು; 2023ರ ನವೆಂಬರ್ ನಂತರ ಭಾರತಕ್ಕೆ ಅದೇ ಮೊದಲ ಗೆಲುವು. ಏಷ್ಯನ್ ಕಪ್ ಅರ್ಹತಾ ಸುತ್ತಿನಲ್ಲಿ ಬಾಂಗ್ಲಾದೇಶ, ಹಾಂಗ್‌ಕಾಂಗ್, ಸಿಂಗಪುರ ವಿರುದ್ಧ ಆಡಿದರೂ ಗೋಲು ಬರಲಿಲ್ಲ. 2025ರ ಅಕ್ಟೋಬರ್ 14ರಂದು ಗೋವಾದ ಮಡಗಾಂವ್‌ನಲ್ಲಿ ಸಿಂಗಪುರ 2–1ರಿಂದ ಗೆದ್ದು 2027ರ ಏಷ್ಯನ್ ಕಪ್‌ನ ಹಾದಿಯನ್ನು ಭಾರತಕ್ಕೆ ಮುಚ್ಚಿತು. ರಾಷ್ಟ್ರೀಯ ತಂಡದ ಪರ ಚೆಟ್ರಿ ಆಡಿದ ಕೊನೆಯ ಪಂದ್ಯ ಅದು. ಮರುತಿಂಗಳು ಎರಡನೆಯ ಬಾರಿ ನಿವೃತ್ತಿ ಘೋಷಿಸಿದರು.